ಗಿರಿಜಮ್ಮನ ಮನೆಯಲ್ಲಿ ಬಿಟ್ಟ ಸ್ಥಳ ತುಂಬಿದ ಬೇಸಿಗೆ

ಮೊನ್ನೆ ಸಿದ್ದಾಪುರದಲ್ಲಿ ನಮಗೆ ಎರಡು ದಿನದ ತರಬೇತಿ ಇತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಕನ್ನಡ ಮೇಷ್ಟ್ರುಗಳು, ಅಕ್ಕೋರುಗಳು ಸೇರಿದ್ದೆವು. ಆನ್‌ಲೈನ್‌ನಲ್ಲಿ ಭಾಷಾ ಚಟುವಟಿಕೆ ತಯಾರಿಸುವುದು ಹೇಗೆ ಎಂಬುದು ವಿಷಯ. ಕಲಿಸಲು ಬಂದಾಕೆ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಕಲಿಸಿದ ವಿದ್ಯಾರ್ಥಿನಿಯರಿಗಿಂತ ಚಿಕ್ಕವಳು. "ಇಲ್ಲಿ ಗದ್ಯ ಹಾಕಿ, ಮುಚ್ಚಬೇಕಾದ ಪದದ ಎರಡೂ ಕಡೆ ನಕ್ಷತ್ರ ಇಟ್ಟು, ಸೇವ್ ಒತ್ತಿದ್ರೆ ಮುಗೀತು ಮೇಡಂ. ಸೇವ್ ಮಾತ್ರ ಮರೀಬೇಡಿ" ಎಂದಳು. ನನಗೆ ಇದನ್ನು ಹೇಳುತ್ತಾಳಲ್ಲ ಎಂದು ಮನಸ್ಸಿನಲ್ಲೇ ಮೂಗು ಮುರಿದೆ. ಅಷ್ಟರಲ್ಲಿ ಹಿಂದಿನ ಮನೆಯಲ್ಲಿ ಯಾರೋ ಹಲಸಿನಕಾಯಿಯ ತೊಳೆ ಬೇಯಿಸಲು ಇಟ್ಟಿರಬೇಕು, ಕಿಟಕಿಯಿಂದ ಆ ಬಿಸಿ ವಾಸನೆ ಒಳಗೆ ಬಂತು. ಪಕ್ಕದ ಮೇಷ್ಟ್ರು ಮೂಗು ಅರಳಿಸಿ, "ಹಪ್ಪಳದ ಸೀಸನ್ ಶುರುವಾಯ್ತು" ಎಂದರು. ನನಗೆ ಮುಂದೆ ಟೈಪ್ ಮಾಡಲು ಆಗಲಿಲ್ಲ. ಕಣ್ಣಿಗೆ ನೀರು ಬಂದದ್ದನ್ನು ಕನ್ನಡಕ ಒರೆಸುವ ನೆಪದಲ್ಲಿ ಮುಚ್ಚಿಕೊಂಡೆ.

ಆ ವಾಸನೆ ನೆನಪಿಗೆ ತಂದ ವರ್ಷ ನಾನು ಶಿರಸಿಯ ಒಂದು ಹೈಸ್ಕೂಲಿನಲ್ಲಿದ್ದೆ. ನಮ್ಮೂರು ಬನವಾಸಿ ಕಡೆಯದು. ದಿನಾ ಬಸ್ಸಿನಲ್ಲಿ ಓಡಾಡುವ ತಾಪತ್ರಯ ಬೇಡವೆಂದು ಪೇಟೆಯ ಅಂಚಿನ ಒಂದು ಕೇರಿಯಲ್ಲಿ ಗಿರಿಜಮ್ಮನವರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆ. ಕೆಳಗೆ ಅವರು ಮತ್ತು ಅವರ ಒಬ್ಬನೇ ಮಗ ಮಂಜಣ್ಣ. ಗಿರಿಜಮ್ಮನಿಗೆ ಅರವತ್ತು ದಾಟಿತ್ತು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಕಡ್ಡಿಯಂಥ ಮೈ, ಕತ್ತಿಯಂಥ ನಾಲಗೆ. ಆದರೆ ತಮಗೇನು ಬೇಕು ಎಂಬುದನ್ನು ಮೊದಲ ಮಾತಿಗೇ ಹೇಳಿಬಿಟ್ಟರೆ ಮರ್ಯಾದೆ ಹೋಯಿತು ಎನ್ನುವ ಪೈಕಿ. ಒಂದು ತೆಂಗಿನಕಾಯಿ ಬೇಕಾದರೂ ಮಳೆ, ಬಿಸಿಲು, ನನ್ನ ತಾಯಿಯ ಮಂಡಿನೋವು ಎಲ್ಲ ವಿಚಾರಿಸಿಯೇ ಬಾಯಿ ಬಿಡುತ್ತಿದ್ದರು.

ಮಂಜಣ್ಣ ಮದುವೆಮನೆ ಅಡುಗೆಯವನು. ಸಂಕ್ರಾಂತಿ ಕಳೆದರೆ ಅವನನ್ನು ಹಿಡಿಯುವವರಿಲ್ಲ. ಇಂದು ಹೆಗಡೆಕಟ್ಟಾ, ನಾಳೆ ನಿಲ್ಕುಂದ, ನಾಡಿದ್ದು ಯಲ್ಲಾಪುರ. ಮೂರು ತಾಲೂಕಿನ ಮದುಮಕ್ಕಳಿಗೆಲ್ಲ ಹೋಳಿಗೆ ಹಾಕಿ ಬಡಿಸಿದ ಪುಣ್ಯಾತ್ಮನಿಗೆ ಮೂವತ್ತೆಂಟಾದರೂ ಹೆಣ್ಣು ಸಿಕ್ಕಿರಲಿಲ್ಲ. ಅಡುಗೆ ಕೆಲಸದವನಿಗೆ ಯಾರೂ ಕೊಡಲು ಮುಂದೆ ಬರಲಿಲ್ಲ. ಕೊನೆಗೆ ನಮ್ಮ ಕಡೆ ಈಚೆಗೆ ಹಲವರು ಮಾಡಿದಂತೆ ಅವನೂ ಕಾಶಿಯಾಚೆಯ ಒಂದು ಹಳ್ಳಿಯಿಂದ ಹುಡುಗಿಯನ್ನು ಮದುವೆಯಾಗಿ ಕರೆತಂದ. ಹೆಸರು ಸುಮನ್, ವಯಸ್ಸು ಇಪ್ಪತ್ತಾರು. ಗುಂಡು ಮುಖ, ತಲೆ ಮೇಲೆ ಸೆರಗು. ಬಂದ ಇಪ್ಪತ್ತೇ ದಿನಕ್ಕೆ ಮಂಜಣ್ಣನಿಗೆ ಮದುವೆಗಳ ಕರೆ ಬಂತು. ಒಬ್ಬರ ಮಾತು ಒಬ್ಬರಿಗೆ ತಿಳಿಯದ ಇಬ್ಬರು ಹೆಂಗಸರನ್ನು ಮನೆಯಲ್ಲಿ ಬಿಟ್ಟು ಅವನು ಸೌಟು ಹಿಡಿದು ಹೊರಟ.

ಗಿರಿಜಮ್ಮನಿಗೆ ಹಿಂದಿ ಬಾರದು, ಸುಮನ್‌ಗೆ ಕನ್ನಡ ಬಾರದು. ಅತ್ತೆ ಸೊಸೆಗೆ ಒಲೆ ತೋರಿಸುವರು, ಅವಳು ಬೆಂಕಿ ಹಚ್ಚುವಳು. ಬಾವಿ ತೋರಿಸುವರು, ನೀರು ಸೇದುವಳು. ನಾನು ಸಂಜೆ ಶಾಲೆಯಿಂದ ಬಂದು ಮೆಟ್ಟಿಲು ಹತ್ತುವಾಗ ಇಬ್ಬರೂ ಎರಡು ಬಾಗಿಲಲ್ಲಿ ಕಾದು ನಿಂತಿರುತ್ತಿದ್ದರು. ನನ್ನ ಹಿಂದಿ ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದು, ಆದರೂ ಆ ಮನೆಯಲ್ಲಿ ನಾನೇ ಪಂಡಿತೆ.

ಮಾರ್ಚಿನಲ್ಲಿ ಗಿರಿಜಮ್ಮ ಚಂದಗುಳಿಯ ಘಂಟಿಗಣಪನಿಗೆ ಹೋದರು. ಮಗನಿಗೆ ಮದುವೆಯಾದರೆ ಘಂಟೆ ಕಟ್ಟುತ್ತೇನೆಂದು ಹರಕೆ ಹೊತ್ತಿದ್ದರಂತೆ. ಘಂಟೆ ಕಟ್ಟಿ ಖುಷಿಯಿಂದ ಬರಬೇಕಾದವರು ಮುಖ ಇಳಿಬಿಟ್ಟುಕೊಂಡು ಬಂದರು. ಅಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯಾಕೆ ತಮ್ಮ ನೆಂಟರ ಮನೆಯ ಕಥೆ ಹೇಳಿದ್ದರು. ಅವರೂ ಉತ್ತರದ ಕಡೆಯಿಂದಲೇ ಸೊಸೆ ತಂದಿದ್ದರು. ತವರಿಗೆ ಹೋಗಿ ಬರುತ್ತೇನೆಂದು ಹೋದ ಹುಡುಗಿ ತಿರುಗಿ ಬರಲೇ ಇಲ್ಲ. ಗಿರಿಜಮ್ಮ ಅವತ್ತು ನನ್ನ ತಾಯಿಯ ಮಂಡಿನೋವನ್ನು ವಿಚಾರಿಸಲಿಲ್ಲ. ನೇರ ಮಹಡಿಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ಅಕ್ಕೋರೆ, ಇದಕ್ಕೆ ಮಾತು ಕಲಿಸಿಕೊಡಿ. ಮಾತು ಬಂದ್ರೆ ನಿಲ್ತದೆ. ಇಲ್ದಿದ್ರೆ ಇದೂ ಹೋಗ್ತದೆ."

ಅವರ ಮನೆಮಾತಿನಲ್ಲಿ ಹೆಂಗಸರನ್ನೆಲ್ಲ 'ಅದು', 'ಇದು' ಎನ್ನುವುದೇ ರೂಢಿ. ಸ್ವಂತ ತಾಯಿಯನ್ನೂ ಹಾಗೆಯೇ ಹೇಳುತ್ತಾರೆ. ಮೊದಮೊದಲು ನನಗೆ ಕಿವಿಗೆ ಇರುಸುಮುರುಸಾಗುತ್ತಿತ್ತು. ಅವತ್ತು ಆ 'ಇದು' ಎಂಬುದರಲ್ಲಿ ಎಷ್ಟು ಹೆದರಿಕೆ, ಎಷ್ಟು ಆಸೆ ಇತ್ತು ಎಂಬುದು ಕೇಳಿಸಿತು. "ಕಲಿಸ್ತೀನ್ರೀ ಅಮ್ಮಾ, ನೀವು ಚಿಂತಿ ಮಾಡಬ್ಯಾಡ್ರಿ" ಎಂದೆ.

ಶಾಲೆಯ ಕೆಲಸದ ನಡುವೆ ದಿನಾ ಕೂತು ಪಾಠ ಹೇಳಲು ನನಗೆ ಪುರುಸೊತ್ತಿರಲಿಲ್ಲ. ಆ ಕಾಲಕ್ಕೆ ಒಂದು ಜಾಲತಾಣ ಸಿಕ್ಕಿತ್ತು. ಅದರಲ್ಲಿ ನಾವು ಬರೆದ ಗದ್ಯದಿಂದ ಬಿಟ್ಟ ಸ್ಥಳ ತುಂಬುವ, ಕಲಸಿದ ಸಾಲುಗಳನ್ನು ಕ್ರಮವಾಗಿ ಜೋಡಿಸುವ ಚಟುವಟಿಕೆ ತಯಾರಿಸಿ ಲಿಂಕ್ ಕಳಿಸಬಹುದಿತ್ತು. ಕಲಿಯುವವರು ಹೆಸರು ಬರೆದು ಉತ್ತರ ಕೊಟ್ಟರೆ, ಯಾರು ಎಷ್ಟು ಹೊತ್ತಿಗೆ ಏನು ಬರೆದರು, ಎಷ್ಟು ಅಂಕ ಬಂತು ಎಂಬುದೆಲ್ಲ ನನ್ನ ಪುಟದಲ್ಲಿ ಉಳಿಯುತ್ತಿತ್ತು. ಮೊದಲ ಭಾನುವಾರ ಊಟ ಬಿಟ್ಟು 'ಅಡುಗೆಮನೆ' ಎಂಬ ಪಾಠ ಮಾಡಿದೆ. ಮೇಲೆ ಹಿಂದಿ ವಾಕ್ಯ, ಕೆಳಗೆ ಕನ್ನಡದ್ದು, ಅದರಲ್ಲೊಂದು ಪದ ಖಾಲಿ. ನನ್ನ ಕೆಲಸಕ್ಕೆ ನಾನೇ ಮೆಚ್ಚಿ ಕಾಫಿ ಮಾಡಿಕೊಳ್ಳಲು ಎದ್ದೆ. ಬಂದು ನೋಡಿದರೆ ಕರೆಂಟ್ ಹೋಗಿತ್ತು. ಸೇವ್ ಒತ್ತಿರಲಿಲ್ಲ. ಬೆಳಗಿಂದ ಮಾಡಿದ್ದೆಲ್ಲ ನೀರುಪಾಲು. ಎರಡನೆಯದನ್ನು ಸೇವ್ ಮಾಡಿದೆ, ಆದರೆ ಅದು ಕೊಟ್ಟ ಉದ್ದನೆಯ ಲಿಂಕನ್ನು ಶಾಲೆಯ ಡೈರಿಯಲ್ಲಿ ಕೈಯಲ್ಲಿ ಬರೆದುಕೊಂಡೆ. ಮರುದಿನ ಅದು ಸೊನ್ನೆಯೋ ಅಕ್ಷರವೋ ನನಗೇ ತಿಳಿಯಲಿಲ್ಲ. ಮೂರನೆಯದಕ್ಕೆ ಬುದ್ಧಿ ಬಂತು. ಸರಿಯಾಗಿ ಖಾತೆ ತೆರೆದು, ಪಾಸ್‌ವರ್ಡ್ ಇಟ್ಟು, ಪ್ರತಿ ಪಾಠಕ್ಕೂ ಹೆಸರು ಕೊಟ್ಟು ಉಳಿಸತೊಡಗಿದೆ.

ಸುಮನ್ ಒಂದು ತಿಂಗಳಲ್ಲಿ ಕನ್ನಡ ಅಕ್ಷರ ಕಲಿತಳು. ನಮ್ಮ ಎಂಟನೇ ಕ್ಲಾಸಿನ ಮಕ್ಕಳಿಗೆ ಬಾರದ ಒತ್ತಕ್ಷರ ಅವಳಿಗೆ ಬಂತು. ಸಂಜೆ ಪಾತ್ರೆ ತೊಳೆದಾದ ಮೇಲೆ ಮಹಡಿ ಮೆಟ್ಟಿಲಿನ ನಡುವೆ, ಸಿಗ್ನಲ್ ಚೆನ್ನಾಗಿ ಸಿಗುವ ಐದನೆಯ ಮೆಟ್ಟಿಲಲ್ಲಿ ಕೂತು ಪಾಠ ತೆಗೆಯುತ್ತಿದ್ದಳು. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ಹಸಿರು ಬಂದಾಗಲೆಲ್ಲ "ದೀದಿ!" ಎಂದು ಕೂಗುತ್ತಿದ್ದಳು. ನನ್ನ ದೇವನಾಗರಿ ಟೈಪಿಂಗಿನಲ್ಲಿ ತಪ್ಪು ಹುಡುಕಿ ತಿದ್ದತೊಡಗಿದ ಮೇಲೆ ಪಾಸ್‌ವರ್ಡನ್ನೂ ಅವಳಿಗೇ ಕೊಟ್ಟುಬಿಟ್ಟೆ. ನನಗೆ ಮಕ್ಕಳಿಲ್ಲ. ಆ ಮೆಟ್ಟಿಲಿನಿಂದ ಬರುತ್ತಿದ್ದ ಕೂಗು ನನಗೆ ಎಷ್ಟು ಅಭ್ಯಾಸವಾಯಿತೆಂದರೆ, ಒಂದು ಸಂಜೆ ಕೇಳದಿದ್ದರೆ ಕಾಫಿ ರುಚಿಸುತ್ತಿರಲಿಲ್ಲ.

ಏಪ್ರಿಲಿನಲ್ಲಿ ಒಂದು ಎಡವಟ್ಟಾಯಿತು. ಹೆಗಡೆಕಟ್ಟಾದಿಂದ ಗಿರಿಜಮ್ಮನ ಅಣ್ಣ ಬಂದರು. ಸೊಸೆ ತಾನೇ ಮುಂದಾಗಿ ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದು, ಕಲಿತ ಕನ್ನಡದಲ್ಲಿ "ಮಜ್ಜಿಗೆ ಬೇಕಾ?" ಎಂದು ಕೇಳಿದಳು. ಅವರು ರೂಢಿಯಂತೆ "ಬ್ಯಾಡ, ಬ್ಯಾಡ" ಎಂದರು. ಇವಳು ತಲೆಯಾಡಿಸಿ, ಲೋಟ ಒಳಗೆ ಒಯ್ದು, ಮಜ್ಜಿಗೆಯನ್ನು ಚರಿಗೆಗೆ ಸುರಿದು, ಲೋಟ ತೊಳೆದು ಬೋರಲು ಹಾಕಿದಳು. ಬಸ್ಸಿಳಿದು ಬಿಸಿಲಲ್ಲಿ ಎರಡು ಮೈಲಿ ನಡೆದು ಬಂದಿದ್ದ ಮುದುಕರು ಬಾಯಿ ಒಣಗಿಸಿಕೊಂಡು ಕೂತರು. ಗಿರಿಜಮ್ಮ ದೇವರ ಕೋಣೆಯಿಂದ ಹೊರಬರುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿಯಾಗಿತ್ತು. ಸುದ್ದಿ ನೆಂಟರ ಮನೆಗಳಿಗೆಲ್ಲ ಹಬ್ಬಿತು.

"ನಿಮ್ಮ ಪಾಠವೇ ಸರಿ ಇಲ್ಲ ಅಕ್ಕೋರೆ" ಎಂದು ಗಿರಿಜಮ್ಮ ನನ್ನ ಮೇಲೆ ಹರಿಹಾಯ್ದರು. ನನ್ನ ಪಾಠದಲ್ಲಿ ಒಬ್ಬರು ಕಾಫಿ ಬೇಕೇ ಎಂದು ಕೇಳುತ್ತಿದ್ದರು, ಇನ್ನೊಬ್ಬರು ಹೌದು, ಧನ್ಯವಾದ ಎನ್ನುತ್ತಿದ್ದರು. "ನಮ್ಮ ಕಡೆ ಯಾರು ಹಾಗೆ ಕೇಳಿದ ಕೂಡ್ಲೆ ಹೌದು ಹೇಳ್ತಾರೆ? ಆಸೆಬುರುಕರ ಹಾಗೆ? ಬರ್ಕೊಳ್ಳಿ, ಆನು ಹೇಳ್ತೆ." ಸಿಟ್ಟು ಬಂದಾಗ ನನ್ನೊಡನೆಯೂ ಮನೆಮಾತು ಬಂದುಬಿಡುತ್ತಿತ್ತು, 'ನಾನು' ಹೋಗಿ 'ಆನು' ಆಗುತ್ತಿತ್ತು.

ಅವರು ಹೇಳಿದರು, ನಾನು ಬರೆದೆ. ಮನೆಯವಳು ಆಸರಿಗೆ, ಅಂದರೆ ಕುಡಿಯಲು ಏನು ಬೇಕೆಂದು, ಕೇಳುವುದು, ಬಂದವರು ಬೇಡ ಎನ್ನುವುದು. ಬಿಸಿಲಲ್ಲಿ ಬಂದಿದ್ದೀರಿ, ಒಂಚೂರು ಆದರೂ ಎನ್ನುವುದು, ಅಯ್ಯೋ ಈಗಷ್ಟೇ ಕುಡಿದು ಬಂದೆ ಎನ್ನುವುದು. ಅರ್ಧ ಲೋಟ ಎಂದು ಮೂರನೆಯ ಸಲ ಒತ್ತಾಯಿಸುವುದು, ಸರಿ ಹಾಗಾದರೆ ಎನ್ನುವುದು. ಸಾಲುಗಳನ್ನು ಕಲಸಿ, 'ಆಸರಿಗೆ' ಎಂದು ಹೆಸರಿಟ್ಟು ಉಳಿಸಿದೆ. ಸುಮನ್ ಜೋಡಿಸಿ ಹಸಿರು ಬರಿಸಿದಳು. ಆಮೇಲೆ ಗಂಭೀರವಾಗಿ ಕೇಳಿದಳು, ಇಷ್ಟು 'ಬೇಡ'ಗಳಲ್ಲಿ ನಿಜವಾದ್ದು ಯಾವುದು ದೀದಿ ಅಂತ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದಾಗ ಗಿರಿಜಮ್ಮ, "ಮೂರನೇ ಸಲ ಕೇಳಿದ ಮೇಲೆ ಹೇಳಿದ್ದು ನಿಜ. ಮೊದಲಿಂದು ಬರೀ ಮರ್ಯಾದೆ" ಎಂದರು. ಅವತ್ತು ಅತ್ತೆ ಸೊಸೆ ಒಟ್ಟಿಗೆ ನಕ್ಕಿದ್ದನ್ನು ಮೊದಲ ಸಲ ಕೇಳಿದೆ. ಆ ಬೇಸಿಗೆಯ ಅತ್ಯಂತ ಸುಖದ ದಿನ ಅದೇ ಇರಬೇಕು.

ರಜೆ ಶುರುವಾಯಿತು. ನಾನು ಊರಿಗೆ ಹೋಗದೆ ಅಲ್ಲೇ ಉಳಿದೆ. ನನ್ನ ಪುಟದಲ್ಲಿ ಒಂದು ವಿಚಿತ್ರ ಕಾಣತೊಡಗಿತು. ಮಧ್ಯಾಹ್ನ ಎರಡೂವರೆಗೆ ಸುಮನ್, ಹತ್ತಕ್ಕೆ ಎರಡು. ಸಂಜೆ ಆರಕ್ಕೆ ಅದೇ ಸುಮನ್, ಹತ್ತಕ್ಕೆ ಹತ್ತು. ಊಟವಾದ ಮೇಲೆ ತೂಕಡಿಸುತ್ತಾ ಮಾಡುತ್ತೀಯಾ ಎಂದು ಅವಳನ್ನು ಗದರಿದೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ಉತ್ತರಗಳನ್ನು ತೆಗೆದು ನೋಡಿದರೆ ನಾನು 'ಹೋಗುತ್ತೇನೆ' ಎಂದು ಬಯಸಿದಲ್ಲೆಲ್ಲ 'ಹೋಗ್ತೆ', 'ಇಲ್ಲ' ಎಂಬಲ್ಲೆಲ್ಲ 'ಇಲ್ಲೆ'. ಕಳ್ಳರು ಯಾರೆಂದು ತಿಳಿಯಿತು. ಮನೆಯ ವಾಟ್ಸಾಪ್ ಗುಂಪಿಗೆ ನಾನು ಕಳಿಸುತ್ತಿದ್ದ ಲಿಂಕನ್ನು ಗಿರಿಜಮ್ಮ ತಮ್ಮ ಫೋನಿನಲ್ಲಿ ತೆರೆದು, ಸಿಕ್ಕಿಬೀಳಬಾರದೆಂದು ಸೊಸೆಯ ಹೆಸರು ಬರೆದು, ಹಿಂದಿ ಕಲಿಯುತ್ತಿದ್ದರು! ಸ್ತೋತ್ರದ ಪುಸ್ತಕಗಳಿಂದ ದೇವನಾಗರಿ ಅವರಿಗೆ ಮೊದಲೇ ಬರುತ್ತಿತ್ತು.

ಕೇಳಿದ್ದಕ್ಕೆ ಅವರೇನೂ ನಾಚಲಿಲ್ಲ. "ಅದು ದಿನಾ ಅಮ್ಮನ ಹತ್ರ ಫೋನಿನಲ್ಲಿ ಅಷ್ಟೊತ್ತು ಎಂತ ಹೇಳ್ತದೆ ಅಂತ ನಂಗೆ ತಿಳೀಬೇಡ್ದಾ?" ಎಂದರು. ನಾನು ನಕ್ಕೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು, ಪಾಠಗಳಲ್ಲಿ ಅವರ ಉತ್ತರವೂ ಸರಿ ಎಂದು ಸೇರಿಸಿದೆ. ಅಂಕ ಎರಡರಿಂದ ಎಂಟಕ್ಕೆ ಏರಿತು. ಇದರಲ್ಲೇನು ನಗುವಂಥದ್ದಿತ್ತು ಎಂದು ಈಗ ಅನ್ನಿಸುತ್ತದೆ.

ಮೇ ನಡುವಿನಲ್ಲಿ ಹಲಸಿನ ಹಪ್ಪಳ ಮಾಡಿದೆವು. ತೊಳೆ ಬಿಡಿಸಿ, ಬೇಯಿಸಿ, ಒರಳಿನಲ್ಲಿ ಕುಟ್ಟಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ, ನನ್ನ ಮಹಡಿಯ ಮುಂದಿನ ಬಿಸಿಲಿಗೆ ಚಾಪೆಯ ಮೇಲೆ ಹಾಕುವುದು. ಮಧ್ಯಾಹ್ನದ ಮೇಲೆ ಪಡುವಣದಲ್ಲಿ ಮುಗಿಲು ಏಳುತ್ತಿತ್ತು. ಯಾವ ಗಳಿಗೆಯಲ್ಲಿ ಅಡ್ಡಮಳೆ ಹೊಡೆಯುತ್ತದೋ ಎಂದು ಒಂದು ಕಣ್ಣು ಆಕಾಶದ ಮೇಲೆ, ಒಂದು ಕಾಗೆಯ ಮೇಲೆ. ಸುಮನ್ ಉಂಡೆ ಕಟ್ಟುತ್ತಿದ್ದಳು, ಗಿರಿಜಮ್ಮ ಒತ್ತುತ್ತಿದ್ದರು, ನಾನು ಚಾಪೆಗೆ ಹಾಕುತ್ತಿದ್ದೆ. ಒತ್ತುತ್ತಲೇ ಗಿರಿಜಮ್ಮ ತಲೆಯೆತ್ತದೆ ಕೇಳಿದರು:

"ತಂಗಿ ಮದುವೆ ಅಡ. ತಿಂಗಳ ಕಡೆಗೆ. ಅಣ್ಣ ಕರ್ಕಂಡು ಹೋಪಲೆ ಬತ್ನಡ. ಹೋಗ್ತ್ಯ?"

ಸುಮನ್ ಕೈ ನಿಂತಿತು. ತವರಲ್ಲಿ ತಂಗಿಯ ಮದುವೆ, ಕರೆದೊಯ್ಯಲು ಅಣ್ಣ ಬರುತ್ತಾನೆ ಎಂದು ತಾನು ಯಾರಿಗೂ ಹೇಳದಿದ್ದದ್ದು ಅತ್ತೆಗೆ ಹೇಗೆ ಗೊತ್ತಾಯಿತೆಂದು ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಏನಿತ್ತು ಎಂದು ಓದಲು ಯಾವ ಪಾಠವೂ ಬೇಕಿರಲಿಲ್ಲ. ಹೋಗಬೇಕು ಎಂಬುದು ಹಣೆಯ ಮೇಲೇ ಇತ್ತು. ಆದರೆ ಅವಳು ಕಣ್ಣು ತಗ್ಗಿಸಿ, ನಾವು ಕಲಿಸಿದ ಹಾಗೆಯೇ ಹೇಳಿದಳು.

"ಬ್ಯಾಡ ಅತ್ತೆ."

ಹೇಳಿ, ಉಂಡೆ ಹಿಡಿದುಕೊಂಡು ಕಾದಳು. ಗಿರಿಜಮ್ಮ ಮಣೆಯನ್ನು ಬಲವಾಗಿ ಒತ್ತಿ, "ಅಕ್ಕು" ಎಂದರು. ಆಯಿತು, ಅಷ್ಟೇ. ಮುಂದಿನ ಉಂಡೆಗೆ ಕೈ ಚಾಚಿದರು.

ಮೂರು ಸಲ ಕೇಳಬೇಕೆಂದು ನನಗೆ ಬರೆಸಿದ ಹೆಂಗಸು ಎರಡನೆಯ ಸಲ ಕೇಳಲಿಲ್ಲ. ಬೇಕೆಂದೇ ಕೇಳಲಿಲ್ಲ. ಸಂಜೆ ಯಲ್ಲಾಪುರದ ಮದುವೆಮನೆಯಲ್ಲಿದ್ದ ಮಗನಿಗೆ ಫೋನ್ ಮಾಡಿ, ಅದೇ ಬ್ಯಾಡ ಹೇಳಿತು, ಅವರಿಗೆ ಹೇಳಿಬಿಡು ಎಂದದ್ದು ನನಗೆ ಮೇಲೆ ಕೇಳಿಸಿತು. ಅವನು ಪಾಪ, ಕೊಪ್ಪರಿಗೆಯ ಮುಂದೆ ನಿಂತವನು, ಕೇಳಿದ್ದನ್ನು ಹಾಗೆಯೇ ದಾಟಿಸಿದ.

ನಾನು ಮೆಟ್ಟಿಲಲ್ಲಿ ಅವಳನ್ನು ಕೇಳಿದೆ. ನಿಜವಾಗಿ ಹೋಗುವುದು ಬೇಡವಾ ಎಂದು. "ಬ್ಯಾಡ ದೀದಿ" ಎಂದಳು. ನಾನೂ ಅಲ್ಲಿಗೆ ಬಿಟ್ಟೆ. ಈಗ ಸುಳ್ಳು ಹೇಳಿ ಪ್ರಯೋಜನವಿಲ್ಲ. ಅವಳು ಹೋಗುವುದು ನನಗೂ ಬೇಡವಾಗಿತ್ತು. ಹೋದವಳು ಬಾರದಿದ್ದರೆ ಸಂಜೆಗಳಲ್ಲಿ ಆ ಮೆಟ್ಟಿಲು ಬರಿದಾಗುತ್ತಿತ್ತು. ಗಿರಿಜಮ್ಮನದು ಹೆದರಿಕೆ ಎಂದರೆ ನನ್ನದು ಬರೀ ಸ್ವಾರ್ಥ.

ಮುಂದಿನ ವಾರ ಪೂರ್ತಿ ಸುಮನ್ ಮೆಟ್ಟಿಲಿಗೆ ಬಂದು ಪಾಠ ತೆಗೆಯಲಿಲ್ಲ. ಕೆಲಸವೆಲ್ಲ ಮಾಡುತ್ತಿದ್ದಳು, ಊಟ ಮಾತ್ರ ಕೋಳಿ ಕೆದಕಿದಂತೆ. ನಾನು ಹೊಸ ಎರಡು ಪಾಠ ಕಳಿಸಿದೆ, ತೆರೆಯಲಿಲ್ಲ. ಒಂದು ಮಧ್ಯಾಹ್ನ ಬೇಸರಕ್ಕೆ ನನ್ನ ಪುಟ ತೆಗೆದೆ. ಹಳೆಯ 'ಆಸರಿಗೆ' ಪಾಠದ ಮುಂದೆ ಅವಳ ಹೆಸರು ಒಂದರ ಕೆಳಗೊಂದು ಸಾಲಾಗಿ ನಿಂತಿತ್ತು. ಎಣಿಸಿದೆ, ಒಂಬತ್ತು ಸಲ. ಒಂಬತ್ತು ಸಲವೂ ಪೂರ್ತಿ ಅಂಕ. ಕೇಳುವುದು, ಬೇಡ ಎನ್ನುವುದು, ಮತ್ತೆ ಕೇಳುವುದು. ಎಲ್ಲಿ ತಪ್ಪಿದೆ ಎಂದು ಆ ಹುಡುಗಿ ಒಂಬತ್ತು ಸಲ ಜೋಡಿಸಿ ಹುಡುಕಿದ್ದಳು. ಅವಳದು ಎಲ್ಲೂ ತಪ್ಪಿರಲಿಲ್ಲ.

ಫೋನ್ ಹಿಡಿದುಕೊಂಡೇ ಕೆಳಗಿಳಿದೆ. ಗಿರಿಜಮ್ಮ ಜಗಲಿಯಲ್ಲಿ ಒಬ್ಬರೇ ಕೂತು ಒಣಗಿದ ಹಪ್ಪಳವನ್ನು ಕಟ್ಟು ಮಾಡುತ್ತಿದ್ದರು. ಅವರ ಮುಂದೆ ಪುಟ ಹಿಡಿದೆ.

"ನೋಡ್ರೀ ಅಮ್ಮಾ, ಆಕಿ ತನ್ನ ಸಾಲು ಸರಿಯಾಗೇ ಹೇಳ್ಯಾಳ. ನಿಮ್ಮ ಸಾಲು ನೀವು ಹೇಳಲಿಲ್ಲ."

ಅವರು ಪುಟ ನೋಡಲಿಲ್ಲ. ಮೊದಲೇ ಗೊತ್ತಿದ್ದವರಂತೆ ಹಪ್ಪಳದ ಅಂಚನ್ನೇ ನೋಡುತ್ತಾ ಕೂತರು. ಕಟ್ಟಿನ ದಾರ ಬಿಗಿಯುತ್ತಾ ಕೇಳಿದರು:

"ಹೋದ್ರೆ ತಿರುಗಿ ಬರ್ತದೆ ಅಂತ ನೀವು ಬರ್ದು ಕೊಡ್ತೀರಾ ಅಕ್ಕೋರೆ?"

"ಇಲ್ರೀ" ಎಂದೆ. "ಆದ್ರ ಹಿಂಗ ಇಟ್ಕೊಂಡ್ರ ಆಕಿ ಇದ್ದೂ ಇಲ್ಲಧಂಗ." ನಾನು ಮೇಲೆ ಬಂದೆ.

ಮರುದಿನ ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದೆ. ಕೆಳಗೆ ಬಾವಿಕಟ್ಟೆಯಲ್ಲಿ ಸುಮನ್ ನೀರು ಸೇದುತ್ತಿದ್ದಳು. ಗಿರಿಜಮ್ಮ ಹಿತ್ತಲ ಬಾಗಿಲಿಂದ ಬಂದು ಅವಳ ಎದುರು ನಿಂತು, ಶಾಲೆಯಲ್ಲಿ ಮೊದಲ ಸಲ ಪದ್ಯ ಒಪ್ಪಿಸುವ ಹುಡುಗಿಯಂತೆ ಸೆರಗಿನ ತುದಿ ಹಿಡಿದುಕೊಂಡು, "ಶಾದೀ ಮೇ ಜಾನಾ ಹೈ?" ಎಂದು ಹಿಂದಿಯಲ್ಲಿ ಕೇಳಿದರು. ಮದುವೆಗೆ ಹೋಗಬೇಕಾ ಎಂದು.

ಹಗ್ಗ ಸುಮನ್ ಕೈಯಿಂದ ಜಾರಿ ಕೊಡಪಾನ ದಡಬಡನೆ ಬಾವಿಗಿಳಿಯಿತು. ಆದರೂ ಹಟದ ಹುಡುಗಿ, ಅಥವಾ ಒಳ್ಳೆಯ ವಿದ್ಯಾರ್ಥಿನಿ, "ಬ್ಯಾಡ ಅತ್ತೆ" ಎಂದಳು.

ಗಿರಿಜಮ್ಮನ ಹಿಂದಿ ಅಲ್ಲಿಗೇ ಖರ್ಚಾಗಿತ್ತು. "ನಿನ್ನ ತಂಗಿ ಮದುವೆ ಮಾರಾಯ್ತಿ. ಹೋಗಿ ಬಾ" ಎಂದರು.

"ಹೋಗ್ತೆ" ಎಂದಳು ಸುಮನ್. ಹೇಳಿದವಳೇ ಅತ್ತೆಯ ಹೆಗಲಿಗೆ ಮುಖವಿಟ್ಟು ಅಳತೊಡಗಿದಳು. ಯಾರನ್ನೂ ಮುಟ್ಟಿ ಮಾತಾಡಿಸದ ಗಿರಿಜಮ್ಮ ಮಡಿ ಹೋಯಿತೆಂಬ ಗಮನವೂ ಇಲ್ಲದೆ ಅವಳ ಬೆನ್ನು ಸವರುತ್ತಾ ನಿಂತರು. ನಾನು ಹಸಿ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡೆ.

ಮಂಜಣ್ಣ ಮತ್ತೆ ಫೋನ್ ಮಾಡಿ ತಿಳಿಸಿದ, ಸುಮನ್‌ಳ ಅಣ್ಣ ಬಂದ. ಹಪ್ಪಳದ ಎರಡು ಕಟ್ಟು, ಮಿಡಿ ಉಪ್ಪಿನಕಾಯಿಯ ಒಂದು ಡಬ್ಬಿ, ತಂಗಿಗೆ ಒಂದು ಸೀರೆ ಹಿಡಿದುಕೊಂಡು ಸುಮನ್ ಹುಬ್ಬಳ್ಳಿ ಬಸ್ಸು ಹತ್ತಿದಳು. ಹದಿನೈದು ದಿನ ಎಂದು ಮಾತು. ಮತ್ತೆ ಯಾವಾಗ ಬರುತ್ತಿ ಎಂದು ಗಿರಿಜಮ್ಮ ಅವಳನ್ನು ಕೇಳಲಿಲ್ಲ. ಕೇಳಿದರೆ ಅಪನಂಬಿಕೆ ತೋರಿಸಿದಂತಾಗುತ್ತದಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು.

ಹದಿನೈದು ದಿನ ತಿಂಗಳಾಯಿತು. ಮಳೆ ಹಿಡಿಯಿತು, ಶಾಲೆ ಶುರುವಾಯಿತು. ಮದುವೆಗಳು ಮುಗಿದು ಮಂಜಣ್ಣ ಮನೆಯಲ್ಲೇ ಉಳಿದ. ಫೋನ್ ಮಾಡಿದರೆ ಅವಳು ಅಮ್ಮನಿಗೆ ಜ್ವರ ಎನ್ನುತ್ತಿದ್ದಳು, ಆಮೇಲೆ ಅಣ್ಣನಿಗೆ ಪುರುಸೊತ್ತಿಲ್ಲ ಎಂದಳು, ಆಮೇಲೆ ಬರೀ ಹೂಂ ಎಂದಳು. ತಾನೇ ಹೋಗಿ ಕರೆತರುತ್ತೇನೆಂದು ಮಂಜಣ್ಣ ಹೊರಟರೆ ಗಿರಿಜಮ್ಮ ಅಡ್ಡ ಬಂದರು. "ಎಳ್ಕಂಡು ಬಪ್ಪದು ಬ್ಯಾಡ. ಮನಸಿದ್ರೆ ಅದೇ ಬತ್ತು." ಎಳೆದು ತರುವುದು ಬೇಡ, ಮನಸ್ಸಿದ್ದರೆ ತಾನೇ ಬರುತ್ತಾಳೆ ಎಂದು. ಕೇರಿಯ ಹೆಂಗಸರು ಸೊಸೆ ಬಂತಾ ಎಂದು ಕೇಳುವುದನ್ನು ನಿಲ್ಲಿಸಿದರು. ಕೇಳುವುದಕ್ಕಿಂತ ಅದೇ ಹೆಚ್ಚು ಚುಚ್ಚುತ್ತಿತ್ತು. ಕರೆಯದೆ ಬರುವುದು ಹೇಗೆ ಎಂದು ಅವಳು ಅಲ್ಲಿ, ಕರೆದರೆ ಒತ್ತಾಯವಾದೀತೆಂದು ಇವರು ಇಲ್ಲಿ. ನನಗೆ ಇದು ಹೊಳೆಯಲು ಆಷಾಢವೇ ಬರಬೇಕಾಯಿತು.

ಒಂದು ಸಂಜೆ ಒಂಬತ್ತನೇ ತರಗತಿಗೆ ಪಾಠ ಮಾಡಲೆಂದು ಖಾತೆ ತೆರೆದೆ. ಪಟ್ಟಿಯ ತುದಿಯಲ್ಲಿ ನಾನು ಮಾಡದ ಒಂದು ಚಟುವಟಿಕೆ ಇತ್ತು. ನನ್ನನ್ನು ಬಿಟ್ಟರೆ ಪಾಸ್‌ವರ್ಡ್ ಇದ್ದದ್ದು ಸುಮನ್ ಬಳಿ ಮಾತ್ರ. ಹೆಸರು, 'ಅತ್ತೆಗೆ'. ಹಿಂದಿನ ದಿನ ಉಳಿಸಿದ್ದು. ಗಿರಿಜಮ್ಮನನ್ನು ಕೂಗಿ ಮೇಲೆ ಕರೆದು ಅವರ ಎದುರೇ ತೆರೆದೆ. ಇದ್ದದ್ದು ಒಂದೇ ಸಾಲು, ಅದರ ಕೆಳಗೆ ಒಂದು ಬಿಟ್ಟ ಸ್ಥಳ.

'ಅತ್ತೆ, ಆನು ಬರ್ಲಾ?'

ಗಿರಿಜಮ್ಮ ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ನನ್ನನ್ನು ಒಂದೂ ಮಾತು ಕೇಳದೆ, ಹೆಸರು ಎಂಬಲ್ಲಿ ಮೊದಲ ಸಲ ತಮ್ಮದೇ ಹೆಸರು ಬರೆದರು, ಗಿರಿಜಾ. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಬಿಟ್ಟ ಸ್ಥಳದಲ್ಲಿ 'ಬಾ' ಎಂದು ಬರೆದು ಒತ್ತಿದರು.

ಕೆಂಪು ಬಂತು. ತಪ್ಪು ಉತ್ತರ.

"ತಪ್ಪು ಹೇಳ್ತಲ್ರೀ ಅಕ್ಕೋರೆ!" ಎಂದು ಪುಟವನ್ನು ನನ್ನ ಕಡೆ ತಿರುಗಿಸಿದರು. ನಾನು ಒಳಹೊಕ್ಕು ನೋಡಿದೆ. ಸರಿಯುತ್ತರ ಯಾವುದೆಂದು ಬರೆಯಬೇಕಾದ ಜಾಗವನ್ನು ಸುಮನ್ ಖಾಲಿ ಬಿಟ್ಟಿದ್ದಳು. ಉತ್ತರ ಏನಿರಬಹುದೆಂದು ಅವಳಿಗೇ ತಿಳಿದಿರಲಿಲ್ಲ. ಹಾಗೆ ಬಿಟ್ಟರೆ ಆ ಯಂತ್ರ ಏನು ಬರೆದರೂ ತಪ್ಪೆನ್ನುತ್ತದೆ.

ಹೇಳಿದೆ. ಗಿರಿಜಮ್ಮ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಇನ್ನೊಮ್ಮೆ 'ಬಾ' ಎಂದು ಬರೆದರು. ತಪ್ಪು. ಸೆರಗಿನಿಂದ ಬೆರಳು ಒರೆಸಿಕೊಂಡು ಮತ್ತೊಮ್ಮೆ ಬರೆದರು. ತಪ್ಪು. ಮೂರೂ ಅವರ ಹೆಸರಿನ ಮುಂದೆ ಸೊನ್ನೆ ಅಂಕದೊಡನೆ ಸಾಲಾಗಿ ಉಳಿದವು. ಹೊರಗೆ ಮಳೆ ಹೊಡೆಯುತ್ತಿತ್ತು. ನಾವಿಬ್ಬರೂ ಏನು ಮಾಡುವುದೆಂದು ತಿಳಿಯದೆ ಆ ಪುಟವನ್ನೇ ನೋಡುತ್ತಾ ಕೂತೆವು.

ಕಾಲು ಗಂಟೆಯಾಗಿರಬಹುದು. ಗಿರಿಜಮ್ಮನ ಫೋನ್ ಹೊಡೆದುಕೊಂಡಿತು. ಅವರು ಎತ್ತಿ ಕಿವಿಗಿಟ್ಟುಕೊಂಡರು. ಆ ಕಡೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಅತ್ತೆ, ನೋಡ್ದೆ. ಬತ್ತೆ."